ಸುಸ್ತಿ ಸಾಲ ಇದ್ದವನಿಗೆ ಸೆಕ್ಯುರಿಟಿ ಕ್ಲಿಯರೆನ್ಸ್: ನನ್ನ ಅನುಭವ

ಅಮೆರಿಕದ ಆರ್ಮಿ ರಿಸರ್ವ್, ಅಂದರೆ ಸೇನೆಯ ಮೀಸಲು ಪಡೆ, ಸೇರಲು 2023ರಲ್ಲಿ ಹೊರಟಾಗ ನಾನು ಆರಿಸಿಕೊಂಡದ್ದು 25ಬಿ ಎಂದು ಕರೆಯುವ ಐಟಿ ಸ್ಪೆಷಲಿಸ್ಟ್ ಹುದ್ದೆಯನ್ನು. ಸೇನೆಯ ಕಂಪ್ಯೂಟರ್ ಜಾಲಗಳನ್ನು ನೋಡಿಕೊಳ್ಳುವ ಈ ಕೆಲಸಕ್ಕೆ ‘ಸೀಕ್ರೆಟ್’ ದರ್ಜೆಯ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ತನಿಖೆ ನಡೆಸಿ ಸರ್ಕಾರದ ರಹಸ್ಯ ಮಾಹಿತಿ ನೋಡಲು ಕೊಡುವ ಅನುಮತಿ, ಬೇಕೇ ಬೇಕು. ಆ ಹೊತ್ತಿಗೆ ನನ್ನ ತಲೆಯ ಮೇಲೆ ಆಸ್ಪತ್ರೆಯ ಸುಮಾರು 14,000 ಡಾಲರ್ ಬಾಕಿ ಇತ್ತು, ಕಟ್ಟಲಾಗದೆ ಬಿಟ್ಟ ಎರಡು ಕ್ರೆಡಿಟ್ ಕಾರ್ಡುಗಳನ್ನು ಬ್ಯಾಂಕಿನವರು ಚಾರ್ಜ್ ಆಫ್ ಮಾಡಿದ್ದರು, ಅಂದರೆ ವಸೂಲಾಗದ ಸಾಲವೆಂದು ಬರೆದುಹಾಕಿದ್ದರು, ಅದರ ಜೊತೆಗೆ ಅರಸೀಕೆರೆ ಕಡೆಯ ಒಂದು ಸಹಕಾರ ಸಂಘದಲ್ಲಿ ಚಿಕ್ಕಪ್ಪನ ಮಗನಿಗೆ ಹಾಕಿದ್ದ ಜಾಮೀನು ಸುಸ್ತಿಯಾಗಿ ನಿಂತಿತ್ತು. ಇಂಥ ಲೆಕ್ಕವಿಟ್ಟುಕೊಂಡು ಕ್ಲಿಯರೆನ್ಸ್ ಕೇಳುವುದೇ ವ್ಯರ್ಥ ಎಂದು ಹೇಳಿದವರು ಹಲವರು. ಕೊನೆಗೆ ಅದು ಸಿಕ್ಕಿತು. ಹೇಗೆ ಸಿಕ್ಕಿತು ಎಂಬುದನ್ನು, ಇಲ್ಲಿ ಸೇನೆಗೆ ಅಥವಾ ರಕ್ಷಣಾ ಇಲಾಖೆಯ ಗುತ್ತಿಗೆ ಕಂಪನಿಗಳಿಗೆ ಸೇರಬೇಕೆಂದಿರುವ ನಮ್ಮವರಿಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕ್ಲಿಯರೆನ್ಸ್ ಸಿಗುವುದು ಅಮೆರಿಕದ ಪ್ರಜೆಗಳಿಗೆ ಮಾತ್ರ. ಗ್ರೀನ್ ಕಾರ್ಡ್ ಇದ್ದವರು ಸೇನೆಗೆ ಸೇರಬಹುದಾದರೂ ಇಂಥ ಹುದ್ದೆಗಳು ಪೌರತ್ವ ಬರುವ ತನಕ ಅವರಿಗೆ ತೆರೆಯುವುದಿಲ್ಲ. ನನಗೆ ಮದುವೆಯ ಮೂಲಕ ಪೌರತ್ವ ಬಂದಿತ್ತು.

ಸಾಲಕ್ಕೂ ದೇಶದ ರಹಸ್ಯಕ್ಕೂ ಏನು ಸಂಬಂಧ ಎಂದು ನನ್ನ ಹೆಂಡತಿಯೇ ಕೇಳಿದ್ದಳು. ಸಂಬಂಧ ಇತಿಹಾಸದಿಂದ ಬಂದದ್ದು. ರೊನಾಲ್ಡ್ ಪೆಲ್ಟನ್ ಎಂಬಾತ ಅಮೆರಿಕದ ಎನ್‌ಎಸ್‌ಎ ಬೇಹುಗಾರಿಕೆ ಸಂಸ್ಥೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, 1979ರಲ್ಲಿ ದಿವಾಳಿ ಅರ್ಜಿ ಹಾಕಿಕೊಂಡು, ಕೆಲಸ ಬಿಟ್ಟು, 1980ರ ಜನವರಿಯಲ್ಲಿ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರ ಕಚೇರಿಯ ಬಾಗಿಲು ತಟ್ಟಿದ. ಅವನ ಬಳಿ ಒಂದು ಕಾಗದವೂ ಇರಲಿಲ್ಲ, ತಲೆಯಲ್ಲಿದ್ದದ್ದನ್ನೇ ಮಾರಿದ. ಸಿಐಎಯ ಆಲ್ಡ್ರಿಚ್ ಏಮ್ಸ್ ವಿಚ್ಛೇದನದ ಖರ್ಚು ಮತ್ತು ಸಾಲದ ಒತ್ತಡದಲ್ಲಿದ್ದಾಗ, 1985ರಲ್ಲಿ, ಅದೇ ದಾರಿ ಹಿಡಿದು, 1994ರಲ್ಲಿ ಸಿಕ್ಕಿಬೀಳುವ ಮುನ್ನ 5,40,000 ಡಾಲರಿನ ಮನೆಯನ್ನು ನಗದು ಕೊಟ್ಟು ಕೊಂಡಿದ್ದ. ಆದ್ದರಿಂದ ತನಿಖೆ ನೋಡುವುದು ಬಡತನವನ್ನಲ್ಲ. ಹಣದ ಒತ್ತಡಕ್ಕೆ ಸಿಕ್ಕವನು ಯಾರಿಗಾದರೂ ಬಗ್ಗುತ್ತಾನೆಯೇ, ಲೆಕ್ಕಕ್ಕೆ ಸಿಗದ ಹಣ ಎಲ್ಲಿಂದಾದರೂ ಬಂದಿದೆಯೇ, ಕೊಟ್ಟ ಮಾತಿನಂತೆ ನಡೆಯುವ ಸ್ವಭಾವ ಇದೆಯೇ ಎಂಬುದನ್ನು.

ಇದಕ್ಕೆಲ್ಲ ಒಂದು ಲಿಖಿತ ನಿಯಮಾವಳಿ ಇದೆ. 2017ರ ಜೂನ್‌ನಿಂದ ಜಾರಿಯಲ್ಲಿರುವ, ‘ಸೀಡ್ 4’ ಎಂದು ಕರೆಯುವ ಆ ಆದೇಶದಲ್ಲಿ ಎ ಯಿಂದ ಎಂ ವರೆಗೆ ಹದಿಮೂರು ಮಾರ್ಗಸೂತ್ರಗಳಿದ್ದು, ‘ಎಫ್’ ಎಂಬುದು ಹಣಕಾಸಿಗೆ ಸಂಬಂಧಿಸಿದ್ದು. ಸಾಲ ತೀರಿಸುವ ಶಕ್ತಿ ಇಲ್ಲದಿರುವುದು, ಶಕ್ತಿ ಇದ್ದೂ ತೀರಿಸುವ ಮನಸ್ಸಿಲ್ಲದಿರುವುದು, ತೆರಿಗೆ ವಿವರ ಸಲ್ಲಿಸದಿರುವುದು, ಜೂಜಿಗಾಗಿ ಸಾಲ ಮಾಡುವುದು, ಆದಾಯಕ್ಕೆ ತಾಳೆಯಾಗದ ಸಿರಿವಂತಿಕೆ, ಇವೆಲ್ಲ ಅದರಲ್ಲಿ ಆಕ್ಷೇಪದ ಪಟ್ಟಿಗೆ ಸೇರುತ್ತವೆ. ಅದರ ಕೆಳಗೇ ಆ ಆಕ್ಷೇಪಗಳನ್ನು ತಗ್ಗಿಸುವ ಸಂದರ್ಭಗಳ ಪಟ್ಟಿಯೂ ಇದೆ: ಕೆಲಸ ಹೋದದ್ದು, ಹಠಾತ್ ಅನಾರೋಗ್ಯ, ಸಾವು, ವಿಚ್ಛೇದನದಂಥ ಕೈಮೀರಿದ ಕಾರಣಗಳು ಮತ್ತು ಆ ಸಂದರ್ಭದಲ್ಲಿ ಹೊಣೆಯರಿತು ನಡೆದುಕೊಂಡದ್ದು, ಲಾಭರಹಿತ ಸಂಸ್ಥೆಯಿಂದ ಸಾಲದ ಬಗ್ಗೆ ಸಲಹೆ ಪಡೆದದ್ದು, ಪ್ರಾಮಾಣಿಕವಾಗಿ ತೀರಿಸಲು ಹೊರಟದ್ದು, ಸಾಲವೇ ತನ್ನದಲ್ಲ ಎಂದು ಆಧಾರಸಹಿತ ತಕರಾರು ತೆಗೆದದ್ದು. ನಾನು ಮಾಡಿದ್ದೆಲ್ಲ ಈ ಎರಡನೆಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು. ಕೈಮೀರಿದ ಕಾರಣ ಇತ್ತೆಂದರಷ್ಟೇ ಸಾಲದು, ಆ ‘ಮತ್ತು’ ಎಂಬ ಪದದ ನಂತರದ ಭಾಗಕ್ಕೆ ನಮ್ಮ ಬಳಿ ಕಾಗದ ಇರಬೇಕು ಎಂಬುದು ಅದನ್ನು ಮತ್ತೆ ಮತ್ತೆ ಓದಿದಾಗ ಸ್ಪಷ್ಟವಾಯಿತು.

ನನ್ನ ಸಾಲದ ಕಥೆ ಈ ದೇಶದಲ್ಲಿ ಹೊಸದೇನಲ್ಲ. 2020ರ ಏಪ್ರಿಲ್‌ನಲ್ಲಿ ಕೆಲಸ ಹೋಯಿತು, ಕೆಲಸದ ಜೊತೆಗೆ ಕಂಪನಿ ಕೊಟ್ಟಿದ್ದ ಆರೋಗ್ಯ ವಿಮೆಯೂ ಹೋಯಿತು, ಹೊಸ ವಿಮೆ ಶುರುವಾಗುವ ಮುನ್ನವೇ ಪಿತ್ತಕೋಶದ ತುರ್ತು ಶಸ್ತ್ರಚಿಕಿತ್ಸೆಯಾಯಿತು. ಮನೆಬಾಡಿಗೆ, ದಿನಸಿ ಎಲ್ಲ ಕಾರ್ಡಿನ ಮೇಲೆ ನಡೆದು, ಮರುವರ್ಷ ಕೆಲಸ ಸಿಗುವಷ್ಟರಲ್ಲಿ ಒಂದು ಕಾರ್ಡಿನಲ್ಲಿ 9,000, ಇನ್ನೊಂದರಲ್ಲಿ 5,000 ಡಾಲರ್ ಬಾಕಿ ನಿಂತಿತ್ತು. ಬೆಂಗಳೂರಿನ ಭಾವ ನಾಲ್ಕು ಲಕ್ಷ ರೂಪಾಯಿ ಕೈಸಾಲ ಕೊಟ್ಟು ನಮ್ಮ ಕಾರು ಉಳಿಸಿದರು.

ಅರ್ಜಿ ಮುಟ್ಟುವ ಮೊದಲು ಮಾಡಿದ ಕೆಲಸ, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ, ಜನರ ಸಾಲದ ದಾಖಲೆ ಇಡುವ ಮೂರೂ ಸಂಸ್ಥೆಗಳ ಕ್ರೆಡಿಟ್ ವರದಿಗಳನ್ನು ತರಿಸಿಕೊಂಡದ್ದು. ಕಾನೂನಿನ ಪ್ರಕಾರ ಇವು ಉಚಿತ. ಮೂರನ್ನೂ ಮುದ್ರಿಸಿ ಊಟದ ಮೇಜಿನ ಮೇಲೆ ಪಕ್ಕಪಕ್ಕ ಹರಡಿದಾಗ, ಆಸ್ಪತ್ರೆಯ ಒಂದೇ ಬಾಕಿ ಎರಡು ಸಾಲವಾಗಿ ಕಾಣುತ್ತಿದ್ದದ್ದು ಗೊತ್ತಾಯಿತು. ಮೊದಲ ವಸೂಲಿ ಏಜೆನ್ಸಿಯವರು ಅದನ್ನು ಇನ್ನೊಬ್ಬರಿಗೆ ಮಾರಿದ್ದರು. ಹೊಸಬರು ಬೇರೆ ಖಾತೆ ಸಂಖ್ಯೆ ಕೊಟ್ಟು, ತಮ್ಮ ಬಡ್ಡಿ ಸೇರಿಸಿ, ಹಳೆಯ ನಮೂದು ಅಳಿಸದೆ ಹೊಸದನ್ನು ಹಾಕಿದ್ದರು. ತನಿಖೆಯವರು ಓದುವುದೂ ಇಂಥದೇ ವರದಿಯನ್ನು. ಅವರಿಗೆ ಅದು 14,000 ಅಲ್ಲ, ಸುಮಾರು 30,000 ಡಾಲರ್ ಆಗಿ ಕಾಣುತ್ತಿತ್ತು. ಆಸ್ಪತ್ರೆಯ ಮೂಲ ಬಿಲ್ಲು, ಮೊದಲ ಏಜೆನ್ಸಿಯ ಮಾರಾಟದ ಪತ್ರ, ಎರಡನ್ನೂ ಲಗತ್ತಿಸಿ ತಕರಾರು ಸಲ್ಲಿಸಿದೆ. ಹಳೆಯ ನಮೂದು ತೆಗೆದುಹಾಕಿದರು. ತಕರಾರಿನ ಉತ್ತರವನ್ನೂ ಫೈಲಿನಲ್ಲಿ ಇಟ್ಟುಕೊಂಡೆ, ಮುಂದೆ ಅದೇ ಹೆಚ್ಚು ಉಪಯೋಗಕ್ಕೆ ಬಂತು.

ಆಮೇಲೆ ತೀರಿಸುವ ಪ್ರಶ್ನೆ. ರೇಡಿಯೊದಲ್ಲಿ ಜಾಹೀರಾತು ಕೊಡುವ ಸಾಲ ಇತ್ಯರ್ಥ ಕಂಪನಿಗಳ ಕಡೆಗೆ ನಾನು ಹೋಗಲಿಲ್ಲ, ಏಕೆಂದರೆ ಅವರಲ್ಲಿ ಬಹಳ ಮಂದಿ ಇರುವ ಕಂತನ್ನೂ ನಿಲ್ಲಿಸಿ ಹಣವನ್ನು ತಮಗೆ ಕಟ್ಟಿ ಎನ್ನುತ್ತಾರೆ, ಅಷ್ಟರಲ್ಲಿ ನಮ್ಮ ಬಾಕಿ ಇನ್ನಷ್ಟು ಹಳತಾಗುತ್ತದೆ. ಲಾಭರಹಿತ ಸಲಹಾ ಸಂಸ್ಥೆಯೊಂದರಲ್ಲಿ ಕುಳಿತು ತಿಂಗಳ ಆದಾಯ, ಖರ್ಚು, ಉಳಿಕೆ ಬರೆಸಿ, ಅವರ ಸಹಿ ಇರುವ ಯೋಜನೆ ಮಾಡಿಸಿಕೊಂಡೆ. ದೊಡ್ಡ ಕಾರ್ಡಿನ ಬ್ಯಾಂಕು ಕಂತಿಗೆ ಒಪ್ಪಿತು. ಸಣ್ಣದರ ಬ್ಯಾಂಕು 5,000ಕ್ಕೆ 3,000 ಕಟ್ಟಿದರೆ ಸಾಕೆಂದಿತು. ಇಲ್ಲಿ ಒಂದು ಎಚ್ಚರಿಕೆ ಬೇಕು: ಬಿಟ್ಟುಕೊಟ್ಟ ಸಾಲ 600 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬ್ಯಾಂಕು ಸಾಮಾನ್ಯವಾಗಿ 1099-ಸಿ ಎಂಬ ಫಾರಂ ಕಳಿಸುತ್ತದೆ, ತೆರಿಗೆ ಇಲಾಖೆ ಆ ಮೊತ್ತವನ್ನು ಆದಾಯವೆಂದು ಲೆಕ್ಕಹಾಕುತ್ತದೆ. ಅದನ್ನು ಗಮನಿಸದೆ ಬಿಟ್ಟವರು ಸಾಲದಿಂದ ಬಿಡಿಸಿಕೊಂಡು ತೆರಿಗೆ ಬಾಕಿಗೆ ಬೀಳುತ್ತಾರೆ, ಮಾರ್ಗಸೂತ್ರ ‘ಎಫ್’ನಲ್ಲಿ ಬ್ಯಾಂಕಿನ ಬಾಕಿಗಿಂತ ತೆರಿಗೆ ಬಾಕಿಯೇ ಭಾರ. ಆ ವರ್ಷದ ತೆರಿಗೆ ವಿವರದಲ್ಲಿ ಆ 2,000ವನ್ನೂ ತೋರಿಸಿ ಕಟ್ಟಿದೆ.

ಸಾಲ ಹಳತಾದರೆ ತಾನೇ ಹೋಗುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಗಟ್ಟಿಯಾಗಿದೆ. ಏಳು ವರ್ಷಕ್ಕೆ ಅದು ಕ್ರೆಡಿಟ್ ವರದಿಯಿಂದ ಹೋಗುವುದು ನಿಜ, ರಾಜ್ಯದ ಕಾನೂನಿನ ಕಾಲಮಿತಿ ಮುಗಿದರೆ ಕೋರ್ಟಿನಲ್ಲಿ ವಸೂಲಿ ಮಾಡಲಾಗದು ಎಂಬುದೂ ನಿಜ. ಕ್ಲಿಯರೆನ್ಸ್ ವಿಷಯದಲ್ಲಿ ಮಾತ್ರ ಅದು ಪ್ರಾಮಾಣಿಕ ಪ್ರಯತ್ನ ಎನಿಸಿಕೊಳ್ಳುವುದಿಲ್ಲ. ಗುತ್ತಿಗೆ ಕಂಪನಿಗಳ ನೌಕರರ ಮೇಲ್ಮನವಿಗಳನ್ನು ಕೇಳುವ ‘ಡೋಹಾ’ ಎಂಬ ರಕ್ಷಣಾ ಇಲಾಖೆಯ ಕಚೇರಿ ತನ್ನ ತೀರ್ಪುಗಳನ್ನು ಹೆಸರು ತೆಗೆದು ಪ್ರಕಟಿಸುತ್ತದೆ. ಒಂದು ಇಡೀ ಚಳಿಗಾಲ ರಾತ್ರಿ ಊಟವಾದ ಮೇಲೆ ಅವನ್ನು ಓದಿದೆ, ವಕೀಲರಿಗೆ ಹಣ ಕೊಡುವ ಮುನ್ನ ಯಾರಾದರೂ ಇದನ್ನು ಮಾಡಬಹುದು. ಐವತ್ತು ಸಾವಿರ ಡಾಲರ್ ಸಾಲವಿದ್ದವನಿಗೆ ಕ್ಲಿಯರೆನ್ಸ್ ಸಿಕ್ಕಿರುತ್ತದೆ, ಏಳೆಂಟು ಸಾವಿರ ಇದ್ದವನಿಗೆ ತಪ್ಪಿರುತ್ತದೆ. ದಿವಾಳಿ ಅರ್ಜಿ ಹಾಕಿದವರೂ ಪಡೆದಿದ್ದಾರೆ, ಏಕೆಂದರೆ ಅದು ಕಾನೂನು ಒಪ್ಪಿದ ದಾರಿ. ಸೋತವರಲ್ಲಿ ಹೆಚ್ಚಿನವರು ಆಕ್ಷೇಪಣೆಯ ಪತ್ರ ಕೈಗೆ ಬಂದ ಮೇಲೆ ತರಾತುರಿಯಲ್ಲಿ ಹಣ ಕಟ್ಟಿದವರು, ಇಲ್ಲವೇ ಸಾಲವನ್ನು ಅರ್ಜಿಯಲ್ಲಿ ಬರೆಯದೆ ಬಿಟ್ಟವರು.

ಅರ್ಜಿಯ ಹೆಸರು ಎಸ್‌ಎಫ್-86. ಈಗ ಅದನ್ನು ಇ-ಆ್ಯಪ್ ಎಂಬ ತಾಣದಲ್ಲಿ ತುಂಬಬೇಕು. ಅದರ 26ನೇ ವಿಭಾಗ ಹಣಕಾಸಿನದು: ಕಳೆದ ಏಳು ವರ್ಷಗಳಲ್ಲಿ ದಿವಾಳಿ, ತೆರಿಗೆ ಬಾಕಿ, ಕೋರ್ಟಿನ ವಸೂಲಿ ಆದೇಶ, ಮನೆ ಅಥವಾ ವಾಹನದ ಜಪ್ತಿ, ವಸೂಲಿ ಏಜೆನ್ಸಿಗೆ ಹೋದ ಬಾಕಿ, ಚಾರ್ಜ್ ಆಫ್ ಆದ ಖಾತೆ, 120 ದಿನ ಮೀರಿ ತಡವಾದ ಕಂತು, ಒಂದೊಂದಕ್ಕೂ ಹೌದು ಅಥವಾ ಇಲ್ಲ. ನನ್ನ ಅರ್ಜಿ ನೋಡುತ್ತಿದ್ದ ರಿಕ್ರೂಟರ್, ಅಂದರೆ ಸೇನೆಗೆ ಭರ್ತಿ ಮಾಡಿಸುವವರು, ಆಸ್ಪತ್ರೆ ಸಾಲವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಇಲ್ಲ ಎಂದು ಒತ್ತಿ ಮುಂದೆ ಹೋಗಿ ಎಂದರು. 500 ಡಾಲರಿಗಿಂತ ಕಡಿಮೆಯ ವೈದ್ಯಕೀಯ ಬಾಕಿಗಳನ್ನು 2023ರಿಂದ ಕ್ರೆಡಿಟ್ ವರದಿಗಳಲ್ಲಿ ತೋರಿಸುತ್ತಿಲ್ಲವೆಂಬುದು ಅವರ ಮಾತಿಗೆ ಆಧಾರವಿರಬೇಕು. ವರದಿಯಲ್ಲಿ ಕಾಣದಿರುವುದು ಬೇರೆ, ಅರ್ಜಿ ಕೇಳದಿರುವುದು ಬೇರೆ. ಅರ್ಜಿಯ ಕೊನೆಯಲ್ಲಿ ಸಹಿ ಹಾಕುವವರು ನಾವು, ರಿಕ್ರೂಟರ್ ಅಲ್ಲ; ಬೇಕೆಂದೇ ಸುಳ್ಳು ಬರೆದರೆ ಅಮೆರಿಕದ ಕಾನೂನಿನಲ್ಲಿ ಐದು ವರ್ಷದವರೆಗೆ ಸೆರೆವಾಸವಿದೆ. ಅದು ಹಾಗಿರಲಿ, ಹಣದ ತೊಂದರೆಯ ಆಕ್ಷೇಪವನ್ನು ತಗ್ಗಿಸಲು ಹತ್ತು ದಾರಿಗಳಿವೆ, ಆದರೆ ಮುಚ್ಚಿಟ್ಟದ್ದು ಹೊರಬಂದರೆ ಮಾರ್ಗಸೂತ್ರ ‘ಇ’, ಅಂದರೆ ನಡತೆಯ ಪ್ರಶ್ನೆ, ಎದುರಾಗುತ್ತದೆ. ಅದರಿಂದ ಹೊರಬರುವುದು ಬಹಳ ಕಷ್ಟ.

ಪ್ರತಿ ಸಾಲದ ಕೆಳಗೂ ವಿವರಣೆಗೆ ಜಾಗವಿದೆ. ಆಸ್ಪತ್ರೆಯ ಬಾಕಿಗೆ ನಾನು ಬರೆದದ್ದು ಸರಿಸುಮಾರು ಇಷ್ಟೇ: “ಏಪ್ರಿಲ್ 2020ರಲ್ಲಿ ಕೆಲಸ ಹೋಗಿ ವಿಮೆ ನಿಂತಿತು. ಅದೇ ಬೇಸಿಗೆಯಲ್ಲಿ ತುರ್ತು ಶಸ್ತ್ರಚಿಕಿತ್ಸೆಯಾಯಿತು. 2021ರಲ್ಲಿ ಕೆಲಸ ಸಿಕ್ಕ ಮೇಲೆ ಕಂತಿನ ಒಪ್ಪಂದ ಮಾಡಿಕೊಂಡು ತಿಂಗಳಿಗೆ 250 ಡಾಲರ್ ಕಟ್ಟುತ್ತಿದ್ದೇನೆ. ಪಾವತಿ ದಾಖಲೆಗಳಿವೆ.” ಮೊದಲ ಕರಡಿನಲ್ಲಿ ಆಸ್ಪತ್ರೆಯ ದರಗಳ ಬಗ್ಗೆ, ವಿಮಾ ವ್ಯವಸ್ಥೆಯ ಬಗ್ಗೆ ಅರ್ಧ ಪುಟದ ಕೋಪ ಇತ್ತು. ಹೆಂಡತಿ ಓದಿ, ಇದನ್ನು ಓದುವವರಿಗೆ ನಿಮ್ಮ ಅಭಿಪ್ರಾಯ ಬೇಕಿಲ್ಲ, ತಾರೀಖು ಬೇಕು ಎಂದಳು.

ಭಾರತದ ಕಡೆಯ ಲೆಕ್ಕವೇ ನಿಜವಾದ ಕಗ್ಗಂಟು, ಇದನ್ನು ಇಲ್ಲಿನ ಸಲಹೆಗಾರರು ಯಾರೂ ಹೇಳಿಕೊಡುವುದಿಲ್ಲ. 26ನೇ ವಿಭಾಗ ನಮ್ಮ ಸ್ವಂತ ಸಾಲವನ್ನಷ್ಟೇ ಕೇಳುವುದಿಲ್ಲ, ಸಹಿ ಹಾಕಿದ ಮತ್ತು ಜಾಮೀನು ನಿಂತ ಸಾಲಗಳೂ ಅದರಲ್ಲಿ ಬರುತ್ತವೆ. ಅಮೆರಿಕಕ್ಕೆ ಬರುವ ಮುನ್ನ ಚಿಕ್ಕಪ್ಪನ ಮಗ ಕೊಬ್ಬರಿ ದಾಸ್ತಾನಿಗೆ ಗೋದಾಮು ಕಟ್ಟಲು ಸೊಸೈಟಿಯಲ್ಲಿ ದೀರ್ಘಾವಧಿ ಸಾಲ ತೆಗೆದಾಗ ನಾನು ಜಾಮೀನು ಹಾಕಿದ್ದೆ. ಲಾಕ್‌ಡೌನಿನಲ್ಲಿ ವ್ಯಾಪಾರ ಕುಸಿದು ಮೂರು ಲಕ್ಷದಷ್ಟು ಸುಸ್ತಿಯಾಗಿ, ಸೊಸೈಟಿಯ ನೋಟಿಸು ನನ್ನ ಹೆಸರಿಗೆ ಊರಿನ ಮನೆಗೆ ಬಂದಿತ್ತು. ಫೋನು ಮಾಡಿದಾಗ ಚಿಕ್ಕಪ್ಪ ನಕ್ಕರು: “ಏನಪ್ಪಾ, ಅಮೆರಿಕದಲ್ಲಿರೋ ನಿನ್ನ ಹತ್ರ ಸೊಸೈಟಿ ಸೆಕ್ರೆಟರಿ ಬರ್ತಾನಾ? ಸುಮ್ನಿರು, ಸಾಲ ಮನ್ನಾ ಆಗುತ್ತೆ.”

“ಸೆಕ್ರೆಟರಿ ಬರಲ್ಲ ಚಿಕ್ಕಪ್ಪ, ಇಲ್ಲಿ ಸರ್ಕಾರದವರೇ ಕೇಳ್ತಾರೆ. ನಾನು ಬರೆದುಕೊಡಬೇಕು,” ಎಂದೆ.

ಚಿಕ್ಕಪ್ಪನ ಮಗ ಅರ್ಧ ಹಾಕಿದ, ನಾನು ಅರ್ಧ ಹಾಕಿದೆ. ಸೊಸೈಟಿಯವರು ಬಡ್ಡಿಯಲ್ಲಿ ಒಂದಿಷ್ಟು ರಿಯಾಯಿತಿ ಕೊಟ್ಟು ಒಂದೇ ಸಲಕ್ಕೆ ಚುಕ್ತಾ ಮಾಡಿಕೊಂಡರು. ಬೇಬಾಕಿ ಪತ್ರ ಪಡೆದು, ಅದರ ಇಂಗ್ಲಿಷ್ ಅನುವಾದವನ್ನು ಅನುವಾದಕರ ದೃಢೀಕರಣದೊಡನೆ ಮಾಡಿಸಿದೆ. ಸೊಸೈಟಿಯ ಗೋಳಮೊಹರು, ಸೆಕ್ರೆಟರಿಯ ಹಸಿರು ಶಾಯಿಯ ಸಹಿ ಇದ್ದ ಆ ಒಂದು ಹಾಳೆ, ಬ್ಯಾಂಕುಗಳು ಕಳಿಸಿದ ಎಲ್ಲ ಪತ್ರಗಳಿಗಿಂತ ಹೆಚ್ಚು ಹೊತ್ತು ತನಿಖಾಧಿಕಾರಿಯ ಕೈಯಲ್ಲಿತ್ತು.

ಭಾವನ ಕೈಸಾಲ ಯಾವ ವರದಿಯಲ್ಲೂ ಬರುವುದಿಲ್ಲ, ಬಾಕಿ ಬಿದ್ದಿರಲಿಲ್ಲವಾದ್ದರಿಂದ 26ನೇ ವಿಭಾಗದ ಪ್ರಶ್ನೆಗೂ ಸಿಗುವುದಿಲ್ಲ. ಆದರೆ ಹೊರದೇಶದಲ್ಲಿರುವವರ ಹಣದ ಋಣ ನಮ್ಮ ಮೇಲಿದೆ ಎಂದರೆ ಅದು ವಿದೇಶಿ ಪ್ರಭಾವವನ್ನು ಕುರಿತ ಮಾರ್ಗಸೂತ್ರ ‘ಬಿ’ಯ ವಿಷಯವಾಗುತ್ತದೆ. ಆದ್ದರಿಂದ ಅವರಿಗೆ ಹಿಂತಿರುಗಿಸುವ ಪ್ರತಿ ಕಂತನ್ನೂ ಬ್ಯಾಂಕಿನ ಮೂಲಕವೇ ಕಳಿಸಿ ರಸೀದಿ ಇಟ್ಟುಕೊಂಡೆ. ಯಾರದೋ ಕೈಲಿ ಡಾಲರ್ ಕೊಟ್ಟು ಊರಲ್ಲಿ ರೂಪಾಯಿ ಕೊಡಿಸುವ ನಮ್ಮ ಹಳೆಯ ರೂಢಿಯನ್ನು ಈ ವಿಷಯದಲ್ಲಿ ಪೂರ್ತಿ ಬಿಡಬೇಕು. ಹಾಗೆಯೇ, ಅಪ್ಪನ ಪಿಂಚಣಿ ಹಣದ ಎಫ್‌ಡಿಯಲ್ಲಿ ನನ್ನ ಹೆಸರೂ ಜಂಟಿಯಾಗಿತ್ತು. ವಿದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಮ್ಮೆಯಾದರೂ 10,000 ಡಾಲರ್ ದಾಟಿದರೆ ಎಫ್‌ಬಾರ್ ಎಂಬ ವಿವರ ಸಲ್ಲಿಸಬೇಕು, ಜಂಟಿ ಖಾತೆಯಾದರೆ ಪೂರ್ತಿ ಮೊತ್ತ ನಮ್ಮದೆಂದೇ ಎಣಿಕೆ. ನಮ್ಮ ತೆರಿಗೆ ಲೆಕ್ಕ ನೋಡುವವರು ಮೊದಲ ವರ್ಷವೇ ಹೇಳಿದ್ದರಿಂದ ಅದು ಸಲ್ಲಿಕೆಯಾಗುತ್ತಿತ್ತು. ವಿದೇಶದ ಹಣಕಾಸಿನ ಬಗ್ಗೆ ಕೇಳುವ ಅರ್ಜಿಯ 20ಎ ವಿಭಾಗದಲ್ಲಿ ಅದನ್ನೇ ನಕಲು ಮಾಡಿದೆ.

ಅರ್ಜಿ ಹೋದ ಮೇಲೆ, ತನಿಖೆ ಮುಗಿಯುವ ಮುನ್ನ ಕೊಡುವ ತಾತ್ಕಾಲಿಕ ಕ್ಲಿಯರೆನ್ಸ್ ನನಗೆ ಸಿಗಲಿಲ್ಲ. ಸಾಲಗಳ ಪಟ್ಟಿ ಇದ್ದವರಿಗೆ ಅದು ಸಿಗದಿರುವುದು ಸಾಮಾನ್ಯ, ಅದರಿಂದ ಅಂತಿಮ ನಿರ್ಣಯ ಏನೆಂದು ಊಹಿಸಬೇಕಾಗಿಲ್ಲ. ಮೂಲ ತರಬೇತಿ ದಕ್ಷಿಣ ಕ್ಯಾರೊಲೈನಾದ ಫೋರ್ಟ್ ಜಾಕ್ಸನ್‌ನಲ್ಲಾಯಿತು. ಸೇವೆಗೆ ಮುಂಚಿನ ಸಾಲಗಳ ಬಡ್ಡಿಯನ್ನು ಸಕ್ರಿಯ ಸೇವೆಯ ಅವಧಿಯಲ್ಲಿ ಶೇ. 6ಕ್ಕೆ ಇಳಿಸುವ ಕಾನೂನೊಂದಿದೆ, ತರಬೇತಿಯ ಆದೇಶದಲ್ಲಿರುವ ರಿಸರ್ವ್ ಸೈನಿಕರಿಗೂ ಅದು ಸಿಗುತ್ತದೆ. ಆದೇಶದ ಪ್ರತಿ ಲಗತ್ತಿಸಿ ದೊಡ್ಡ ಕಾರ್ಡಿನ ಬ್ಯಾಂಕಿಗೆ ಬರೆದೆ, ಬಡ್ಡಿ ಇಳಿಯಿತು, ಕಂತಿನಲ್ಲಿ ಅಸಲಿನ ಪಾಲು ಹೆಚ್ಚಿತು.

ಸೀಕ್ರೆಟ್ ದರ್ಜೆಗೆ ಎಲ್ಲರನ್ನೂ ಸಂದರ್ಶನಕ್ಕೆ ಕರೆಯುವುದಿಲ್ಲ, ಅರ್ಜಿಯಲ್ಲಿ ಪ್ರಶ್ನೆಗಳಿದ್ದರೆ ಕರೆಯುತ್ತಾರೆ. ನನ್ನನ್ನು ಕರೆದರು. ತನಿಖೆ ನಡೆಸುವ ಡಿಸಿಎಸ್‌ಎ ಸಂಸ್ಥೆಯ ಪರವಾಗಿ ಬಂದ ಅಧಿಕಾರಿ, ನಿವೃತ್ತ ಶಾಲಾ ಶಿಕ್ಷಕಿಯಂತೆ ಕಾಣುವ ಹಿರಿಯ ಮಹಿಳೆ, ಸಾಲಗಳನ್ನು ಒಂದೊಂದಾಗಿ ಓದಿ, ಯಾವಾಗ, ಎಷ್ಟು, ಈಗ ಎಷ್ಟು ಎಂದಷ್ಟೇ ಕೇಳಿದರು. ಫೈಲಿನಲ್ಲಿ ಸಾಲಕ್ಕೊಂದು ಬಣ್ಣದ ಹಾಳೆ ಇಟ್ಟು ವಿಂಗಡಿಸಿದ್ದರಿಂದ ಹುಡುಕಾಟವಿರಲಿಲ್ಲ. ಆಮೇಲೆ ಕೇಳಿದ ಎರಡು ಪ್ರಶ್ನೆಗಳಿಗೆ ಕಾಗದ ಇರಲಿಲ್ಲ: “ನಿಮ್ಮ ಸಾಲದ ವಿಷಯ ಯಾರ್ಯಾರಿಗೆ ಗೊತ್ತು?” ಮತ್ತು “ಇದೇ ಪರಿಸ್ಥಿತಿ ಮತ್ತೆ ಬಂದರೆ ಏನು ಮಾಡುತ್ತೀರಿ?” ಮೊದಲನೆಯದು ಬೆದರಿಕೆಗೆ ಬಗ್ಗುವ ಸಾಧ್ಯತೆಯನ್ನು ಅಳೆಯುವ ಪ್ರಶ್ನೆ. ಹೆಂಡತಿ, ಭಾವ, ಅಪ್ಪ, ಅಮ್ಮ, ಕೆಲಸದ ಮೇಲಧಿಕಾರಿ ಎಲ್ಲರಿಗೂ ಗೊತ್ತು ಎಂದೆ, ಅವರು ಬರೆದುಕೊಂಡರು. ಮನೆಯವರಿಂದ ಸಾಲ ಮುಚ್ಚಿಟ್ಟವರು ಈ ಪ್ರಶ್ನೆಗೆ ಏನು ಹೇಳುತ್ತಾರೋ ಎಂದು ಆಮೇಲೆ ಯೋಚಿಸಿದ್ದೇನೆ. ಮಾನ ಹೋಗುತ್ತದೆಂದು ಬಾಯಿ ಮುಚ್ಚಿಕೊಳ್ಳುವ ನಮ್ಮ ಅಭ್ಯಾಸ ಇಲ್ಲಿ ನೇರವಾಗಿ ನಮ್ಮ ವಿರುದ್ಧ ನಿಲ್ಲುತ್ತದೆ. ಎರಡನೆಯದಕ್ಕೆ, ಮೂರು ತಿಂಗಳ ಖರ್ಚಿನಷ್ಟು ಉಳಿತಾಯದ ಖಾತೆಯನ್ನೂ ರಿಸರ್ವ್ ಸೈನಿಕರಿಗೆ ಸಿಗುವ ಟ್ರೈಕೇರ್ ಎಂಬ ಆರೋಗ್ಯ ವಿಮೆಯನ್ನೂ ಹೇಳಿದೆ.

ನಿರ್ಣಯ ಬರುವುದಕ್ಕೆ ಬಹಳ ತಿಂಗಳು ಹಿಡಿಯಿತು. ಪ್ರತಿಕೂಲವಾಗುವಂತಿದ್ದರೆ ಮೊದಲು ಕಾರಣಗಳ ಪತ್ರ ಬರುತ್ತದೆ, ಅದಕ್ಕೆ ಲಿಖಿತ ಉತ್ತರ ಕೊಡಲು, ಬೇಕಾದರೆ ನ್ಯಾಯಾಧೀಶರ ಎದುರು ಹಾಜರಾಗಲು ಅವಕಾಶವಿದೆ. ನನಗೆ ಆ ಪತ್ರ ಬರಲಿಲ್ಲ, ನೇರವಾಗಿ ಮಂಜೂರಾಯಿತು. ಆಗ ಆಸ್ಪತ್ರೆಯ ಬಾಕಿಯಲ್ಲಿ ಅರ್ಧದಷ್ಟು, ದೊಡ್ಡ ಕಾರ್ಡಿನಲ್ಲಿ ಕಾಲುಭಾಗ ಇನ್ನೂ ಉಳಿದಿತ್ತು. ಎಲ್ಲ ತೀರಿಸಿದ ಮೇಲೆ ಅರ್ಜಿ ಹಾಕೋಣ ಎಂದು ವರ್ಷಗಟ್ಟಲೆ ಕಾಯುವವರಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ.

ಮೊದಲು ಸೀಕ್ರೆಟ್ ದರ್ಜೆಯವರನ್ನು ಹತ್ತು ವರ್ಷಕ್ಕೊಮ್ಮೆ ಮರುತನಿಖೆ ಮಾಡುತ್ತಿದ್ದರು. ಈಗ ಹಾಗಿಲ್ಲ, ಕ್ರೆಡಿಟ್ ದಾಖಲೆ, ಪೊಲೀಸ್ ದಾಖಲೆಗಳ ಮೇಲೆ ಕಂಪ್ಯೂಟರಿನ ಕಣ್ಣು ಸದಾ ಇರುತ್ತದೆ. ಯಾವುದಾದರೂ ಸಾಲ 120 ದಿನ ಮೀರಿ ಬಾಕಿಯಾದರೆ ಅದು ಅವರಿಗೆ ಕಾಣುವ ಮುನ್ನ ನಾವೇ ತಿಳಿಸಬೇಕು, ಖಾಸಗಿ ವಿದೇಶ ಪ್ರಯಾಣವನ್ನೂ ಮುಂಚಿತವಾಗಿ ತಿಳಿಸಬೇಕು, ಮದುವೆಗೆಂದು ಊರಿಗೆ ಹೋಗುವುದೂ ಅದರಲ್ಲಿ ಬರುತ್ತದೆ. ನಮ್ಮ ಯೂನಿಟ್ಟಿನಲ್ಲಿ, ಸೀಕ್ರೆಟ್‌ಗಿಂತ ಮೇಲಿನ ಟಾಪ್ ಸೀಕ್ರೆಟ್ ದರ್ಜೆ ಬೇಕಾದ ಹುದ್ದೆಯೊಂದು ತೆರೆಯುವ ಮಾತಿದೆ. ಆ ದರ್ಜೆಯಲ್ಲಿ 10,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಹಣ ಒಮ್ಮೆಲೇ ಬಂದರೂ ವರದಿ ಮಾಡಬೇಕು. ಅಪ್ಪ ಹಾಸನದ ಸೈಟು ಮಾರಿ ಮಕ್ಕಳಿಗೆ ಪಾಲು ಹಂಚುತ್ತೇನೆಂದು ಹೇಳುತ್ತಿದ್ದಾರೆ. ಕ್ರಯಪತ್ರದ ಪ್ರತಿ, ಬ್ಯಾಂಕಿನಲ್ಲಿ ಹಣ ಜಮೆಯಾದ ದಾಖಲೆ, ಪಾಲಿನ ಬಗ್ಗೆ ಒಂದು ನೋಂದಾಯಿತ ಪತ್ರ ಇವಿಷ್ಟು ಇಲ್ಲದೆ ಒಂದು ರೂಪಾಯಿಯನ್ನೂ ನನ್ನ ಖಾತೆಗೆ ಹಾಕಬೇಡಿ ಎಂದು ಹೇಳಿಟ್ಟಿದ್ದೇನೆ.